ಮೇಣದ ರೊಟ್ಟಿ

ರೊಟ್ಟಿಯಗಲದ ಮೇಣದ ಬಿಲ್ಲೆಯೊಂದನ್ನು ಕಾಂತೇಶ ಹಲಗೆಯ ಮೇಲಿಟ್ಟ. "ರೊಟ್ಟಿ ಬಡಿದಂಗ ಒಂದ ಸಲ ಬಡೀರಿ ಆಯಿ. ಬೆರಳು ಮೂಡಿದ್ರ ಮುಗೀತು."

ಸುಂದರವ್ವ ಸೆರಗಿಗೆ ಕೈ ಒರೆಸಿಕೊಂಡಳು, ಆದರೆ ಮುಂದೆ ಚಾಚಲಿಲ್ಲ. "ಮುಗೀತು ಅಂದ್ರ?"

ಬೈಲಹೊಂಗಲದ ಸಂಪಗಾಂವ ರಸ್ತೆಯಲ್ಲಿರುವ ಆ ರೊಟ್ಟಿ ಕೇಂದ್ರ ಮಹಾನಂದಾಳದು. ದೀಪಾವಳಿ ಮುಗಿದ ಮೇಲೆ ಅಲ್ಲಿಗೆ ಮಷಿನ್ ಬಂತು, ಒಲೆಗಳ ಮುಂದಿದ್ದ ಹೆಂಗಸರು ಮನೆಗೆ ಹೋದರು. ಸುಂದರವ್ವನೂ ಹೋಗಿದ್ದಳು. ಆದರೆ ಉಗರಗೋಳದ ಖಾನಾವಳಿಯೊಂದು ಪಾಕೀಟುಗಳನ್ನು ವಾಪಸು ಕಳಿಸಿತು. ರೊಟ್ಟಿಯ ಮೇಲೆ ಬೆರಳಿನ ಗುರುತಿಲ್ಲ, ಗಿರಾಕಿಗಳು ಇದನ್ನು ಕೈರೊಟ್ಟಿ ಎಂದು ನಂಬುವುದಿಲ್ಲ ಎಂಬುದು ಅವರ ತಕರಾರು. ಅಂದಿನಿಂದ, ಮಷಿನ್ ಒತ್ತಿ ಕೊಟ್ಟ ಹಸಿ ರೊಟ್ಟಿ ಬೇಯಲು ಹೋಗುವ ಮೊದಲು ಅದರ ಮೇಲೆ ಬೆರಳೂರಿ ಗುರುತು ಮೂಡಿಸುವುದು ಸುಂದರವ್ವನ ಕೆಲಸವಾಯಿತು. ಮಷಿನ್ನಿನ ಬಟನ್ ಒತ್ತುವವಳು ಅವಳ ಮಗಳು ಮಾಲಾ. ಬಿ.ಕಾಂ. ಓದಿದವಳು, ಕೆಲಸಕ್ಕಿದ್ದ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದಳು.

"ಈ ಅಚ್ಚು ನೋಡಿ ಪ್ಲೇಟ್ ಮಾಡತೇವ್ರಿ," ಎಂದ ಕಾಂತೇಶ. ಮಷಿನ್ ಮಾಡಿಕೊಟ್ಟ ವರ್ಕ್‌ಶಾಪಿನವನು ಅವನು. "ಮುಂದ ಮಿಷನ್ ರೊಟ್ಟಿ ಒತ್ತೂವಾಗನ ಬೆರಳೂ ಮೂಡತಾವ."

"ಮತ್ತ ನಾ?"

ಒಣಗಿದ ರೊಟ್ಟಿ ಜೋಡಿಸುತ್ತಿದ್ದ ಮಹಾನಂದಾ ತಲೆ ಎತ್ತಲಿಲ್ಲ. "ನಿನ್ನ ಯಾರ ಬ್ಯಾಡಂದಾರ ಸುಂದರವ್ವ? ಪಾಕೀಟ ಕಟ್ಟೂ ಕೆಲಸ ಬಂದ್ರ ಫೋನ್ ಮಾಡತೇನಿ."

ಮೊದಲು ಪಕ್ಕದ ಒಲೆಯ ಮುಂದೆ ಕೂರುತ್ತಿದ್ದ ಅನ್ನಪೂರ್ಣಾಗೂ ಮನೆಗೆ ಕಳಿಸುವಾಗ ಹೀಗೆಯೇ ಹೇಳಿದ್ದರು. ಅವಳು ಈಗಲೂ ನಳದ ನೀರಿಗೆ ಬರುವಾಗ ಫೋನ್ ಹಿಡಿದುಕೊಂಡೇ ಬರುವುದನ್ನು ಮಾಲಾ ನೋಡಿದ್ದಳು.

"ನಿನ್ನ ಫೋಟೋ ಪಾಕೀಟಿನ ಮ್ಯಾಲ ಹಾಕಸ್ತೇನಿ ಬಿಡು," ಎಂದಳು ಮಹಾನಂದಾ. "ಸುಂದರವ್ವನ ಕೈರೊಟ್ಟಿ ಅಂತ."

"ಫೋಟೋ ಹಾಕೂದು ಸತ್ತ ಮ್ಯಾಲ್ರಿ ಅಕ್ಕಾರ. ಅಷ್ಟ್ಯಾಕ ಅವಸರ?"

ಕಾಂತೇಶ ನಕ್ಕ. ಸುಂದರವ್ವ ನಗಲಿಲ್ಲ. "ನನ್ನ ಮಗಳನ್ನ ಬಿಡಸಾಂಗಿಲ್ಲ, ಹೌದಲ್ರಿ?"

"ಈ ಮಿಷನ್ ಇರೂತನಕ ಮಾಲಾ ಇರತಾಳ. ನನ್ನ ಮಾತಂದ್ರ ಮಾತು."

ಆ ಮಾತು ಸುಳ್ಳೇನೂ ಅಲ್ಲ ಎಂದು ಮಾಲಾಗೆ ಗೊತ್ತಿತ್ತು. ಬೆಳಿಗ್ಗೆ ಕಾಂತೇಶ ಮಹಾನಂದಾಳಿಗೆ ಮೊಬೈಲಿನಲ್ಲಿ ಹೊಸ ಮಷಿನ್ನಿನ ವಿಡಿಯೋ ತೋರಿಸುವಾಗ ಅವಳು ಹಿಂದೆ ನಿಂತು ನೋಡಿದ್ದಳು. ಒಂದು ಕಡೆ ಹಿಟ್ಟು ಸುರಿದರೆ ಇನ್ನೊಂದು ಕಡೆ ಪಾಕೀಟು ಬರುತ್ತಿತ್ತು. ಅದರ ಪಕ್ಕದಲ್ಲಿ ಕೂರಲು ಒಂದು ಸ್ಟೂಲ್ ಕೂಡ ಇರಲಿಲ್ಲ. ತಾಯಿಗೆ ಅದನ್ನು ಹೇಳಿರಲಿಲ್ಲ.

"ಯವ್ವಾ, ನೀ ಒಲ್ಲೆ ಅನ್ನು," ಎಂದಳು ಮಾಲಾ ಮಷಿನ್ನಿನ ಪಕ್ಕದಿಂದ ಮೆಲ್ಲಗೆ.

"ಒಲ್ಲೆ ಅಂದ್ರ ಅನ್ನಪೂರ್ಣಾನ ಕರಸ್ತಾರ. ಆಕೀ ಚಪ್ಪಲ್ ಬಿಟ್ಟು ಓಡಿ ಬರತಾಳ. ಆಕೀಗೂ ಒಬ್ಬಾಕಿ ಮಗಳದಾಳ, ಬಟನ್ ಒತ್ತಾಕ."

ಸುಂದರವ್ವ ಬೋಗುಣಿಯಿಂದ ಒಂದು ಚಿಟಿಕೆ ಜೋಳದ ಹಿಟ್ಟು ತೆಗೆದು ಮೇಣದ ಮೇಲೆ ಉದುರಿಸಿದಳು.

"ಹಿಟ್ಟು ಬ್ಯಾಡ್ರಿ ಆಯಿ!"

"ಹಿಟ್ಟಿಲ್ದ ಕೈ ಏಳಂಗಿಲ್ಲ ತಮ್ಮಾ."

ಅಂಗೈ ಬಿತ್ತು. ಬಿದ್ದ ಕೂಡಲೇ ಎಡಗೈ ಬಿಲ್ಲೆಯನ್ನು ತಿರುಗಿಸಿತು, ಬಲಗೈ ಮತ್ತೆ ಬಡಿಯಿತು, ಎಡಗೈ ಮತ್ತೆ ತಿರುಗಿಸಿತು. ಅವಳು ನಿಲ್ಲಿಸುವಷ್ಟರಲ್ಲಿ ಗುರುತಿನ ಮೇಲೆ ಗುರುತು ಬಿದ್ದು ಎಲ್ಲ ಕಲಸಿಹೋಗಿತ್ತು.

"ಒಂದ ಸಲ ಅಂದಿದ್ನಿಲ್ರಿ!"

"ನಾ ಕೇಳಿದ್ನೋ ಯಪ್ಪಾ. ಕೈ ಕೇಳಲಿಲ್ಲ."

ಕಾಂತೇಶ ಚೀಲದಿಂದ ಇನ್ನೊಂದು ಬಿಲ್ಲೆ ತೆಗೆದ. "ಇದೊಂದ ಉಳದೈತಿ. ಇದೂ ಕೆಟ್ರ ಬ್ಯಾರೆ ಯಾರದರ ಕೈ ನೋಡ್ರಿ ಅಕ್ಕಾರ."

ಇದೂ ಕೆಡಲಿ ಎಂದುಕೊಂಡಳು ಮಾಲಾ. ಮರುಕ್ಷಣ ಅನ್ನಪೂರ್ಣಾಳ ಮಗಳು ನೆನಪಾಗಿ, ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಬಟನ್ ಮೇಲೆ ಹೆಬ್ಬೆರಳಿಟ್ಟುಕೊಂಡೇ ತಾಯಿಯ ಕೈಯನ್ನೇ ನೋಡುತ್ತ ನಿಂತಳು. ವರ್ಷಾನುಗಟ್ಟಲೆ ಬಿಸಿ ಹಿಟ್ಟು ನಾದಿ ಆ ಬೆರಳ ತುದಿಗಳು ನುಣ್ಣಗಾಗಿದ್ದವು. ರೇಶನ್ ಅಂಗಡಿಯ ಮಷಿನ್ನಿಗೆ ಅವುಗಳಲ್ಲಿ ಗೆರೆಯೇ ಸಿಗುತ್ತಿರಲಿಲ್ಲ. ತಿಂಗಳು ತಿಂಗಳೂ ಮಾಲಾಳೇ ಹೋಗಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ತರುತ್ತಿದ್ದಳು.

ಈ ಸಲ ಸುಂದರವ್ವ ಹಿಟ್ಟು ಮುಟ್ಟಲಿಲ್ಲ. ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು, ಓಡಿಹೋಗುವ ಕರುವನ್ನು ಹಿಡಿದಂತೆ. ಹಾಗೆಯೇ ಒಮ್ಮೆ ಒತ್ತಿ, ಎತ್ತಿದಳು.

ಕಾಂತೇಶ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೆರಳುಗಳು ಒಂದರ ಪಕ್ಕ ಒಂದು ಸ್ವಚ್ಛವಾಗಿ ಮೂಡಿದ್ದವು. "ಭಾರೀ ಬಂದಾವ್ರಿ ಆಯಿ!"

ಸುಂದರವ್ವ ಬಗ್ಗಿ ನೋಡಿದಳು. "ರೇಶನ್ ಅಂಗಡೀ ಮಿಷನ್ನು ನಾ ನಾನಲ್ಲ ಅಂತೈತಿ. ಈ ಮಿಷನ್ನರ ಹೌದಂತೈತಲ್ಲ," ಎಂದು ಸೆರಗಿಗೆ ಕೈ ಒರೆಸಿಕೊಂಡಳು.

ಮಾಲಾ ಬಟನ್ ಮೇಲಿದ್ದ ತನ್ನ ಹೆಬ್ಬೆರಳನ್ನು ತೆಗೆದು ಅದೇ ಬೆಳಕಿಗೆ ಹಿಡಿದು ನೋಡಿಕೊಂಡಳು. ಗೆರೆಗಳು ಇನ್ನೂ ಇದ್ದವು.