ಸೇಬಿನ ತೋಟಕ್ಕೆ ಕೈ ಹಾಕಿದವರು

ನ್ಯಾಮತಿಯ ಮದುವೆ ಮುಗಿಸಿ ಬಂದ ಮಾಲತೇಶ್ ಕೈಯ ಬ್ಯಾಗನ್ನೂ ಇಳಿಸದೆ ತೋಟದ ಮುಂದೆ ನಿಂತುಬಿಟ್ಟ. ಸೇಬಿನ ಗಿಡಗಳಲ್ಲಿ ಒಂದೇ ಒಂದು ಎಲೆ ಇರಲಿಲ್ಲ. ಅರ್ಧ ಎಕರೆ ತುಂಬ ಕಡ್ಡಿ ನೆಟ್ಟ ಹಾಗಿತ್ತು. ಹುಳ ತಿಂದದ್ದಲ್ಲ, ಗಾಳಿಗೆ ಉದುರಿದ್ದೂ ಅಲ್ಲ. ಯಾರೋ ರೆಂಬೆ ರೆಂಬೆಯನ್ನೂ ಹಿಡಿದು ಸವರಿದ್ದರು.

“ದುರುಗಪ್ಪ,” ಅಂದಳು ಹೆಂಡತಿ ಅರುಣಾ. ಬೇರೆ ಹೆಸರು ಹುಡುಕುವ ಅಗತ್ಯ ಅವಳಿಗೆ ಕಾಣಲಿಲ್ಲ.

ಪಕ್ಕದ ಹೊಲದ ದುರುಗಪ್ಪನಿಗೂ ಇವರಿಗೂ ಬದುವಿನ ಜಗಳವಿತ್ತು. ಅದು ಸಾಲದೆಂಬಂತೆ, ಜಗಳೂರಿನ ಬಿಸಿಲಲ್ಲಿ ಸೇಬು ನೆಟ್ಟವನಿಗೆ ಅವನು ಬಿಳಿಚೋಡಿನ ಚಹಾದಂಗಡಿಯಲ್ಲಿ ಕೂತು ‘ಕಾಶ್ಮೀರದ ಸಾಹುಕಾರ’ ಎಂದು ಹೆಸರಿಟ್ಟಿದ್ದ.

ಮಾಲತೇಶನಿಗೆ ಇನ್ನೊಂದು ಚಿಂತೆಯಿತ್ತು. ಆ ನೆಲದಲ್ಲಿ ಅವನ ತಾಯಿ ಭೀಮಕ್ಕ ಮೊದಲಿನಿಂದ ತೊಗರಿ, ಅವರೆ, ಅಲಸಂದೆ ಬೆಳೆಯುತ್ತಿದ್ದಳು. ಇದು ಬಿಸಿಲಿಗೂ ಬರುವ ತಳಿ ಎಂದು ನಂಬಿಸಿ ಅವಳಿಂದ ನೆಲ ಬಿಡಿಸಿಕೊಳ್ಳುವಾಗ ಮಾತು ಕೊಟ್ಟಿದ್ದ. ಗಿಡ ಯಾವತ್ತು ಒಣಗಿದರೂ ಎಲ್ಲ ಕಿತ್ತು ಹಾಕಿ ನೆಲ ವಾಪಸ್ ಕೊಡುವುದು. ನೆಟ್ಟು ಮೂರು ವರ್ಷವಾಗಿತ್ತು. ಹೂವಿನ ಸುಳಿವೂ ಇರಲಿಲ್ಲ. ಈಗ ಎಲೆಯೂ ಇಲ್ಲ.

ಭೀಮಕ್ಕ ಆ ಮಾತನ್ನು ಎತ್ತಲೇ ಇಲ್ಲ. ಮಗ ತಲೆ ಮೇಲೆ ಕೈ ಹೊತ್ತು ಕೂತಾಗ ನೀರು ತಂದುಕೊಟ್ಟಳು. ಎಮ್ಮೆ ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದವಳು ಅವಳೊಬ್ಬಳೇ. ಏನಾದರೂ ಕಂಡಿತೇ ಎಂದು ಸೊಸೆ ಕೇಳಿದಳು.

“ದುರುಗಪ್ಪನ್ನ ನಾನಂತೂ ನೋಡ್ಲಿಲ್ಲವ್ವ. ನೋಡ್ದೆ ಹೆಂಗೆ ಸುಳ್ಳು ಹೇಳ್ಲಿ? ಪೊಲೀಸು ಗಿಲೀಸು ಬ್ಯಾಡ, ಅಕ್ಕಪಕ್ಕ ಬಾಳೋರು.”

ಅತ್ತೆಯ ದೊಡ್ಡತನಕ್ಕೆ ಅರುಣಾಳ ಕಣ್ಣು ಒದ್ದೆಯಾಯಿತು. ಮನೆಯ ಕೆಲಸವನ್ನೆಲ್ಲ ಒಬ್ಬಳೇ ಮಾಡಿ ಮುದುಕಿಯ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದಳು. ಎಮ್ಮೆ ಕೂಡ ಅಂದು ಹುಲ್ಲು ಮೂಸಲಿಲ್ಲ. ಮನೆಯವರ ದುಃಖ ದನಕ್ಕೂ ತಿಳಿಯುತ್ತದೆ ಅಂದುಕೊಂಡರು.

ದುರುಗಪ್ಪ ಊರ ಕಟ್ಟೆಯ ಮೇಲೆ ನಿಂತು ಮಕ್ಕಳ ಮೇಲೆ ಆಣೆ ಮಾಡಿದ. ಒಬ್ಬರೂ ನಂಬಲಿಲ್ಲ.

ಗಿಡ ಕೀಳಲು ಮಾಲತೇಶ್ ಆಳುಗಳಿಗೆ ಹೇಳಿ ಬಂದ. ಸುಗ್ಗಿ ಮುಗಿಸಿ ಆಳುಗಳು ಬರುವ ಹೊತ್ತಿಗೆ ಬೋಳು ರೆಂಬೆಗಳ ತುಂಬ ಮೊಗ್ಗು. ತಿಳಿದವರನ್ನು ಕೇಳಿದಾಗ ಗುಟ್ಟು ಗೊತ್ತಾಯಿತು. ಚಳಿ ಸೀಮೆಯಲ್ಲಿ ಸೇಬಿನ ಎಲೆ ತಾನಾಗಿ ಉದುರುತ್ತದೆ, ಗಿಡ ಮಲಗಿ ಎದ್ದು ಹೂ ಬಿಡುತ್ತದೆ. ಇಲ್ಲಿ ಆ ಚಳಿಯಿಲ್ಲ, ಎಲೆಯನ್ನು ಕೈಯಿಂದಲೇ ಉದುರಿಸಬೇಕು. ಹಾಳು ಮಾಡಲು ಬಂದವರು ಉಪಕಾರ ಮಾಡಿ ಹೋಗಿದ್ದರು.

ಮರುವರ್ಷ ಗಂಡ ಹೆಂಡತಿ ಸಾಸ್ವೆಹಳ್ಳಿಯ ನಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ಬೋರಿನ ವೈರನ್ನು ಯಾರೋ ಕೊಯ್ದಿದ್ದರು, ಅದೂ ಕರೆಂಟ್ ಇಲ್ಲದ ಹೊತ್ತು ನೋಡಿ. ರಿಪೇರಿಯವನು ಇಂದು ನಾಳೆ ಎಂದು ಆಡಿಸಿದ. ತೋಟ ಬಾಯಾರಿ ಬಿರಿಯಿತು. ಕೊನೆಗೆ ನೀರು ಬಿಟ್ಟಾಗ ಗಿಡಗಳೆಲ್ಲ ಒಟ್ಟಿಗೆ ಹೂವಾದವು. ಹಿಂದಿನ ವರ್ಷ ಒಂದು ಗಿಡ ಹೂ ಬಿಟ್ಟಾಗ ಇನ್ನೊಂದು ಬಿಟ್ಟಿರಲಿಲ್ಲ.

ಸುದ್ದಿ ಹರಡಿತು. ಹೊನ್ನಾಳಿಯಿಂದ ಜನ ಬೈಕಿನಲ್ಲಿ ಬಂದು ಜಗಳೂರಿನ ಸೇಬನ್ನು ಕಚ್ಚಿ ನೋಡಿ ಹೋದರು. ಚನ್ನಗಿರಿಯ ರೈತರು ಮಾಲತೇಶನನ್ನು ಮಾತಾಡಲು ಕರೆದರು. ಅರುಣಾಳ ಜೊತೆ ಅವನು ಅಲ್ಲಿಂದ ಮರಳುವಷ್ಟರಲ್ಲಿ ಇಲ್ಲಿ ಯಾರೋ ಪ್ರತಿ ರೆಂಬೆಗೂ ಹಳೆ ಸೀರೆಯ ಚೂರಿನಲ್ಲಿ ಕಲ್ಲು ಕಟ್ಟಿ ತೂಗುಬಿಟ್ಟಿದ್ದರು. ರೆಂಬೆ ಮುರಿಯಲಿಲ್ಲ, ಬಾಗಿದವು. ಬಾಗಿದ ರೆಂಬೆಯಲ್ಲೇ ಕಾಯಿ ಹೆಚ್ಚು ಎಂದು ಮುಂದಿನ ಫಸಲು ಹೇಳಿತು. ಸೀರೆ ಯಾರದೆಂದು ಪತ್ತೆ ಮಾಡಲು ಅರುಣಾ ಹೊರಟಾಗ ಭೀಮಕ್ಕ ತಡೆದಳು. ಸಂತೆಯ ಸೀರೆ, ಆ ಬಣ್ಣ ಊರಿನಲ್ಲಿ ಯಾರ ಮನೆಯಲ್ಲಿಲ್ಲ ಎಂದಳು.

ಈ ವರ್ಷ ಜಗಳೂರಿನಲ್ಲಿ ಸನ್ಮಾನ. ಹಾರ, ಶಾಲು, ತುಂಬಿದ ಸಭೆ. ಎಲೆ ಸವರುವುದು, ನೀರು ನಿಲ್ಲಿಸುವುದು, ಕಲ್ಲು ತೂಗುವುದು ತನ್ನ ಮೂರು ಪ್ರಯೋಗಗಳೆಂದು ಮಾಲತೇಶ್ ಹೇಳಿದ. ಹೇಳುವಾಗ ಒಂದೊಂದಕ್ಕೂ ಹಾರದ ಒಂದೊಂದು ಹೂ ಕಿತ್ತ. ಬರುವ ವರ್ಷ ಉಳಿದ ಹೊಲಕ್ಕೂ ಸೇಬನ್ನೇ ಹಾಕುವುದಾಗಿ ಸಾರಿದ. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಿಂದ ದುರುಗಪ್ಪ ಎದ್ದ. ಹೆಂಡತಿ ಅಂಗಿ ಹಿಡಿದು ಜಗ್ಗಿದರೂ ಕೂರಲಿಲ್ಲ.

“ಅದು ಇವನ ತಲೆ ಅಲ್ರೀ. ಎಲೆ ಸವರಿದ್ದು ನಾನು. ವೈರು ಕೊಯ್ದೋನೂ ನಾನೇ, ಕಲ್ಲು ಕಟ್ಟಿದೋನೂ ನಾನೇ. ಬೇಕಾದ್ರೆ ಅವನ್ನೇ ಕೇಳ್ರಿ.”

ಸಭೆ ಮಾಲತೇಶನ ಕಡೆ ತಿರುಗಿತು. ಅವನಿಗೆ ಎದೆಯ ಭಾರ ಇಳಿದಂತಾಯಿತು. ಹೌದು ಎಂದು ಒಪ್ಪಿಕೊಂಡ. ವೇದಿಕೆ ಇಳಿದು ಹೋಗಿ ತನ್ನ ಶಾಲನ್ನು ದುರುಗಪ್ಪನಿಗೇ ಹೊದಿಸಿದ. ಆಣೆ ಮುರಿದವನಿಗೆ ಈಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬದುವಿನ ಜಗಳ ಅಲ್ಲೇ ಮುಗಿಯಿತು. ಮುಂದಿನ ಸಾಲಿನಲ್ಲಿ ಭೀಮಕ್ಕ ಮಾತ್ರ ಬಾಯಿ ತೆರೆದುಕೊಂಡು ದುರುಗಪ್ಪನನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಒಂದು ತಂಬಿಗೆ ಮಜ್ಜಿಗೆ ಹಿಡಿದು ಅವನ ಮನೆಗೆ ಹೋದಳು. ದುರುಗಪ್ಪ ಶಾಲು ಹೊದ್ದೇ ಜಗಲಿಯ ಮೇಲೆ ಕೂತಿದ್ದ. ಅವಳನ್ನು ಕಂಡದ್ದೇ ಮುಖ ಕೆಳಗೆ ಹಾಕಿದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಭೀಮಕ್ಕ ಪಕ್ಕದಲ್ಲಿ ಕೂತಳು.

“ನಾನು ಮಾಡಿದ್ದನ್ನೆಲ್ಲ ನೀನೇ ಇಟ್ಕಳಪ್ಪ, ಬ್ಯಾಡ ಅನ್ನಲ್ಲ,” ಅಂದಳು ಮೆಲ್ಲಗೆ. “ಆ ಗಿಡ ಸಾಯ್ಬೇಕು ಅಂದ್ರೆ ಇನ್ನೇನ್ ಮಾಡ್ಲಿ, ಅಷ್ಟು ಹೇಳು.”