ಹಳೆಯ ಫೋಟೋದಲ್ಲಿದ್ದ ಧೂಮಕೇತು

ಧಾರವಾಡದಲ್ಲಿ ಹಿತ್ತಲಮನಿ ಅಂತ ಒಬ್ಬ ಪ್ರೊಫೆಸರ್... ದೂರದ ಧೂಮಕೇತುಗಳ ದಾರಿ ಲೆಕ್ಕ ಹಾಕುವುದೇ ಅವರ ಕೆಲಸ.

ಹೆಂಡತಿ ಸುಮಂಗಲಾಗೆ ಹೊಟ್ಟೆಯ ಕ್ಯಾನ್ಸರ್. ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು... ಹೋಗಿಬಿಟ್ಟರು.

"ಒಂದ ದಿನಾನೂ ನೋವು ಅಂತ ಹೇಳಲಿಲ್ಲ ನೋಡ್ರಿ ಆಕಿ! ಕೇಳಿದ್ರ, ನನಗೇನ ಆಗೇದ, ಗುಂಡಕಲ್ಲ ಇದ್ದಂಗ ಅದೀನಿ ಅಂತಿದ್ಲು..." ಎಂದು ಬಂದವರ ಮುಂದೆಲ್ಲ ಪ್ರೊಫೆಸರ್ ಅತ್ತರು.

ಮಗಳು ಮುಕ್ತಾ ಮಾತ್ರ ಅಳಲಿಲ್ಲ. ಕಾಲೇಜು, ಅಡುಗೆ, ಅಪ್ಪನ ಬಿ.ಪಿ. ಮಾತ್ರೆ... ಎಲ್ಲವನ್ನೂ ನಗುನಗುತ್ತಲೇ ನೋಡಿಕೊಂಡಳು.

"ನೀ ಹೆಂಗದೀ ಅವ್ವಿ?" ಎಂದರೆ, "ನನಗೇನ ಆಗೇದಪ್ಪಾ? ಗುಂಡಕಲ್ಲ ಇದ್ದಂಗ ಅದೀನಿ!"

ಅವರು ನಂಬಿದರು. ಅಕ್ಕಪಕ್ಕದ ನಾವೆಲ್ಲರೂ ನಂಬಿದೆವು ಬಿಡಿ...

ಅಷ್ಟರಲ್ಲಿ ಒಂದು ಹೊಸ ಧೂಮಕೇತು ಪತ್ತೆಯಾಯಿತು. ಸಾವಿರಾರು ವರ್ಷಗಳ ನಂತರ ಮರಳಿ ಬರುತ್ತದೋ, ಇಲ್ಲಾ ಸೂರ್ಯನನ್ನು ಬಿಟ್ಟು ಹೋಗಿಯೇ ಬಿಡುತ್ತದೋ... ಯಾರಿಗೂ ಗೊತ್ತಿಲ್ಲ.

ಕೆಲವು ವಾರ ನೋಡಿದರೆ ದಾರಿಯ ಒಂದು ತುಣುಕಷ್ಟೇ ಸಿಗುತ್ತದೆ. ಅದಕ್ಕೇ ಪ್ರೊಫೆಸರ್ ಲೆಕ್ಕವನ್ನು ಹಿಂದಕ್ಕೆ ಓಡಿಸಿದರು. ಮೊದಲು ಅದು ಎಲ್ಲಿದ್ದಿರಬಹುದೋ, ಆಕಾಶದ ಆ ಜಾಗದ ಹಳೆಯ ಫೋಟೋಗಳನ್ನು ಹುಡುಕಿಸಿದರು.

"ಸರ್, ಸಿಕ್ತ್ರಿ!" ವಿದ್ಯಾರ್ಥಿನಿ ರುಕ್ಸಾನಾ ಕುಣಿದಾಡಿಬಿಟ್ಟಳು. "ಮೂರ ವರ್ಷದ ಹಿಂದಿನ ಫೋಟೋದಾಗೂ ಐತ್ರಿ! ಯಾರೂ ಲಕ್ಷ್ಯಾನ ಕೊಟ್ಟಿಲ್ಲ ನೋಡ್ರಿ..."

ಆ ಒಂದು ಮಸುಕು ಚುಕ್ಕಿಯಿಂದ ಲೆಕ್ಕ ಕೂಡಿಬಂತು. ಈ ಧೂಮಕೇತು ಹೋದರೆ ಮತ್ತೆಂದೂ ಬರುವುದಿಲ್ಲ...

ಡಿಪಾರ್ಟ್‌ಮೆಂಟಿನಲ್ಲಿ ದೊಡ್ಡ ಸನ್ಮಾನ. ಶಾಲು, ಹಾರ, ಫೇಡೆ. ಮುಕ್ತಾಳೂ ಬಂದು ಚಪ್ಪಾಳೆ ತಟ್ಟಿದಳು.

ಸಂಜೆ ಮನೆಗೆ ಬಂದ ಪ್ರೊಫೆಸರಿಗೆ 'ಆಕಿ ಇರಬೇಕಿತ್ತು' ಅನ್ನಿಸಿತು. ಫೋನ್‌ನಲ್ಲಿ ಹೆಂಡತಿಯ ಹಳೆಯ ಫೋಟೋಗಳನ್ನು ತೆರೆದರು.

ಮೂರು ವರ್ಷದ ಹಿಂದೆ ತಮಗೆ ಪ್ರಶಸ್ತಿ ಬಂದ ದಿನ... ಪಕ್ಕದಲ್ಲಿ ಸುಮಂಗಲಾ ನಗುತ್ತಿದ್ದಾರೆ. ಎಡಗೈ ಮಾತ್ರ ಸೆರಗಿನ ಮೇಲೆ ಹೊಟ್ಟೆಯನ್ನು ಒತ್ತಿ ಹಿಡಿದಿದೆ.

ತಮ್ಮನ ಮದುವೆಯಲ್ಲೂ ಅದೇ ಕೈ, ಅದೇ ಜಾಗ...

ಗೃಹಪ್ರವೇಶದಲ್ಲಿ ಎಲ್ಲರೂ ನೆಟ್ಟಗೆ ನಿಂತಿದ್ದಾರೆ, ಆಕೆ ಗೋಡೆಗೆ ಒರಗಿದ್ದಾರೆ.

ಅಯ್ಯೋ... ಹೇಳಲಿಲ್ಲ ಅಂತ ಅಳುತ್ತಿದ್ದರಲ್ಲ! ಪ್ರತಿ ಫೋಟೋದಲ್ಲೂ ಹೇಳಿದ್ದಳು ಆ ಪುಣ್ಯಾತಗಿತ್ತಿ. ಇವರು ಪ್ರತಿ ಸಲವೂ ನೋಡಿದ್ದು ತಮ್ಮನ್ನೇ...

ಅಳುತ್ತಿರುವಾಗಲೇ ಫೋನ್ ಟಿಂಗ್ ಎಂದಿತು. ಸನ್ಮಾನದ ಫೋಟೋವನ್ನು ರುಕ್ಸಾನಾ ಕಳಿಸಿದ್ದಳು.

ಈ ಸಲ ಅವರು ಮೊದಲು ನೋಡಿದ್ದು ಮುಕ್ತಾಳನ್ನು.

ಅದೇ ನಗು. ಕಣ್ಣ ಕೆಳಗೆ ಕಪ್ಪು. ಚಪ್ಪಾಳೆಗೆ ಎತ್ತಿದ ಕೈಯಲ್ಲಿ ಅವ್ವನ ಬಳೆ ಮೊಣಕೈವರೆಗೂ ಜಾರಿತ್ತು... ಅಷ್ಟು ಸೊರಗಿದ್ದಳು ಮಗು.

ಪ್ರೊಫೆಸರ್ ಎದ್ದು ಅಡುಗೆಮನೆಗೆ ಓಡಿದರು.

"ಖರೇ ಹೇಳ ನನ್ನವ್ವಾ... ಹೊಟ್ಟಿ ತುಂಬ ಉಂಡು ಎಷ್ಟ ದಿನಾ ಆತು?"

"ನನಗೇನ ಆಗೇದಪ್ಪಾ..." ಎಂದು ನಗಲು ಹೋದವಳಿಗೆ ನಗು ಬರಲಿಲ್ಲ. ಕೈಯಲ್ಲಿದ್ದ ಸೌಟು ಬಿತ್ತು.

"ಅವ್ವ ಇಲ್ಲದ ಒಬ್ಬಾಕಿನ ಉಣ್ಣಾಕ ಕುಂತ್ರ... ತುತ್ತ ಇಳಿಯಂಗಿಲ್ಲಪ್ಪಾ..."

ತಾಯಿ ಹೋದ ಮೇಲೆ ಅವಳು ಅತ್ತದ್ದು ಅವತ್ತೇ ಮೊದಲು. ಅಪ್ಪ ರೊಟ್ಟಿ ಮುರಿದರು, ಪಲ್ಯ ಹಚ್ಚಿದರು, ಚಿಕ್ಕ ಮಗುವಿಗೆ ಉಣಿಸುವಂತೆ ಉಣಿಸಿದರು. ಇಬ್ಬರೂ ಅಳುತ್ತಲೇ ಉಂಡರು.

ಅಳುವವರು ಎಲ್ಲರಿಗೂ ಕಾಣುತ್ತಾರೆ... "ನನಗೇನಾಗಿದೆ" ಎಂದು ನಗುವವರನ್ನು ನಾವೇ ಹುಡುಕಿ ನೋಡಬೇಕು.

ನಿಮ್ಮ ಮನೆಯ ಕೊನೆಯ ಗ್ರೂಪ್ ಫೋಟೋದಲ್ಲಿ ನೀವು ಮೊದಲು ಯಾರನ್ನು ನೋಡಿದಿರಿ... ನಿಮ್ಮನ್ನೇ ಅಲ್ಲವೇ?