ನಿಶ್ಮಿತಾಳ ತೋಳಿನ ಪಟ್ಟಿ

“ಎಡಗಡೆ ಖಾಲಿ ಉಂಟು, ಎಡಗಡೆ ಓಡು” ಎಂದು ಕುಶಲ ಶೆಟ್ಟರು ಗೆರೆಯಾಚೆ ನಿಂತು ತುಳುವಿನಲ್ಲಿ ಅರಚಿದರು. ಮೈದಾನದಲ್ಲಿದ್ದ ಮಗಳು ನಿಶ್ಮಿತಾ ಎಡಕ್ಕೆ ತಿರುಗುವಷ್ಟರಲ್ಲಿ ವಾಶಿ ತಂಡದ ನಾಲ್ಕನೇ ನಂಬರಿನ ಹುಡುಗಿ ಅಲ್ಲಿ ಗೋಡೆಯ ಹಾಗೆ ನಿಂತಾಗಿತ್ತು. ಬಲಕ್ಕೆ ಎಂದರೆ ಬಲಕ್ಕೂ ಅವಳೇ ಹಾಜರು. ಯಾವ ಜನ್ಮದ ವೈರಿಯೋ ಏನೋ ಎಂದು ಶೆಟ್ಟರು ಹಲ್ಲು ಕಡಿದರು. ಅವರು ಹೀಗೆ ತುಳುವಿನಲ್ಲಿ ಕೂಗುವುದು ಇಂದು ನಿನ್ನೆಯದಲ್ಲ. ಠಾಣೆ ಊರಿನ ಆ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ತುಳು ಬರುವುದು ಮಗಳೊಬ್ಬಳಿಗೇ. ಗುಟ್ಟು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಭಾಷೆ ಯಾವುದಿದೆ ಎಂಬುದು ಅವರ ಲೆಕ್ಕಾಚಾರ.

ಅರ್ಧ ಆಟ ಮುಗಿದರೂ ಎರಡೂ ಕಡೆ ಒಂದೂ ಗೋಲಾಗಲಿಲ್ಲ. ಶೆಟ್ಟರು ನೇರವಾಗಿ ಕೋಚ್ ಶರಣಬಸಮ್ಮನ ಹತ್ತಿರ ಹೋದರು.

“ನಾನು ಮೊದಲೇ ಹೇಳಿದ್ದೆ ಟೀಚರ್. ಒಳ್ಳೆ ದೋಸೆ ಹೊಯ್ಯುವವನನ್ನು ಕಾವಲಿ ಎದುರಿಂದ ಎಬ್ಬಿಸಿ ಗಲ್ಲಾದಲ್ಲಿ ಕೂರಿಸಬಾರ್ದು. ದೋಸೆಯೂ ಹೋಯ್ತು, ಗಲ್ಲಾವೂ ಹೋಯ್ತು. ಗೋಲು ಹೊಡೆಯುವವಳು ಗೋಲು ಹೊಡೀಲಿ. ಅವಳಿಗೆ ಕ್ಯಾಪ್ಟನ್ ಪಟ್ಟಿ ಯಾಕೆ ಬೇಕಿತ್ತು?”

ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಹೋಟೆಲು ನಡೆಸುತ್ತಲೇ ತಲೆ ನರೆತವರ ಮಾತು, ತೆಗೆದುಹಾಕುವ ಹಾಗಿರಲಿಲ್ಲ. ನಿಶ್ಮಿತಾಳ ತೋಳಿಗೆ ಪಟ್ಟಿ ಬಂದ ಮೇಲೆ ತಂಡ ಸಾಲಾಗಿ ಎರಡು ಪಂದ್ಯ ಸೋತಿತ್ತು.

“ಇವತ್ತ ಗೆಲ್ಲಲಿಲ್ಲಂದ್ರ ಪಟ್ಟಿ ನಾನ ಬಿಚ್ಚಸ್ತೀನ್ರಿ. ಅಕಿಗೂ ಹೇಳೀನಿ,” ಎಂದಳು ಶರಣಬಸಮ್ಮ, ಕಲಬುರ್ಗಿಯವಳು, ಮಾತಿಗೆ ಬೆಣ್ಣೆ ಹಚ್ಚಿ ಅಭ್ಯಾಸವಿಲ್ಲ. “ಅಲ್ಲೀತನಕ ಸುಮ್ನ ಕುಂತು ನೋಡ್ರಿ.”

ಬಿಚ್ಚಿಸುತ್ತೇನೆ ಎಂದದ್ದೇ ತಡ, ಶೆಟ್ಟರ ವಾದವೆಲ್ಲ ಕರಗಿಹೋಯಿತು. ಪಟ್ಟಿ ಬೇಡ ಎಂದವರು ತಾವೇ. ಆದರೆ ಎಲ್ಲರೆದುರು ಮಗಳ ತೋಳಿನಿಂದ ಅದನ್ನು ಕಳಚುವುದನ್ನು ನೋಡುವ ಗಟ್ಟಿತನ ಯಾವ ಅಪ್ಪನಿಗಿದೆ? ಕಳೆದ ಪಂದ್ಯ ಸೋತ ದಿನ ಅವಳು ಊಟವನ್ನೂ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವರು ನೀರಿನ ಬಾಟಲಿ ಹಿಡಿದು ಅವಳತ್ತ ಓಡಿದರು. ಇನ್ನರ್ಧ ಆಟಕ್ಕೆ ನಾಲ್ಕು ಬುದ್ಧಿಮಾತು ತಯಾರಾಗಿತ್ತು.

“ಪಪ್ಪಾ, ಅಬ್ ಆಪ್ ಕುಛ್ ಮತ್ ಬೋಲ್ನಾ,” ಎಂದಳು ಮಗಳು. ಬಾಟಲಿ ಕಿತ್ತುಕೊಂಡು ಗೆಳತಿಯರ ನಡುವೆ ನುಗ್ಗಿ ಮರಾಠಿಯಲ್ಲಿ ಅದೇನೋ ಗುಸುಗುಸು ಶುರುಮಾಡಿದಳು. ಹೆತ್ತಪ್ಪನಿಗೇ ಬಾಯಿ ಮುಚ್ಚು ಎಂದಳಲ್ಲ ಎಂದು ಶೆಟ್ಟರು ಮುಖ ಸಣ್ಣದು ಮಾಡಿಕೊಂಡು ಬಂದು ಕುಳಿತರು.

ಆಟ ಮತ್ತೆ ಶುರುವಾಯಿತು. ಈಗ ಕೂಗುವ ಸರದಿ ಅವಳದು, ಅದೂ ತುಳುವಿನಲ್ಲಿ.

“ಬಾಲ್ ಎಂಕೇ ಕೊರ್ಲೆ. ಎಂಕ್ ಮಾತ್ರ ಕೊರ್ಲೆ.”

ಚೆಂಡು ನನಗೇ ಕೊಡಿ, ನನಗೆ ಮಾತ್ರ ಕೊಡಿ ಎಂದು! ಶೆಟ್ಟರಿಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಅಹಂಕಾರಕ್ಕೂ ಒಂದು ಮಿತಿ ಬೇಡವೆ? ತುಳು ಬಾರದ ಗೆಳತಿಯರಿಗೂ ಆ ಹಠ ಅರ್ಥವಾಗದೆ ಇದ್ದೀತೆ? ಹನ್ನೊಂದು ಜನರ ತಂಡವನ್ನು ಇವಳು ತನ್ನ ಮನೆ ಜಗಲಿ ಎಂದುಕೊಂಡಳೆ? ಅವಳೋ, ಕೂಗುತ್ತ ಕೂಗುತ್ತ ಗೋಲಿನಿಂದ ದೂರ ದೂರ ಸರಿದು ಮೈದಾನದ ಮೂಲೆಯ ಬಾವುಟದ ಹತ್ತಿರ ಹೋಗಿ ನಿಂತಳು. ನಾಲ್ಕನೇ ನಂಬರಿನವಳು ಇನ್ನೊಬ್ಬ ಗಟ್ಟಿಗಿತ್ತಿಯನ್ನೂ ಕೈಸನ್ನೆ ಮಾಡಿ ಕರೆದುಕೊಂಡು ಬಂದು ಅವಳಿಗೆ ಉಡದ ಹಾಗೆ ಅಂಟಿಕೊಂಡಳು. ಕೇಳಿದ ಚೆಂಡು ಮಾತ್ರ ಬರಲಿಲ್ಲ.

“ನೋಡಿದಿರಾ ಟೀಚರ್, ಕ್ಯಾಪ್ಟನ್ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ,” ಎಂದರು ಶೆಟ್ಟರು.

ಆಗ ಚೆಂಡು ಪ್ರಾಜಕ್ತಾಳ ಕಾಲಿಗೆ ಸಿಕ್ಕಿತು. ಟಿಟ್ವಾಳಾದಿಂದ ಲೋಕಲ್ ರೈಲು ಹಿಡಿದು ಬರುವ ಸಣಕಲಿ, ಈ ವರ್ಷ ಒಂದೂ ಗೋಲು ಹೊಡೆದವಳಲ್ಲ. ಅವಳು ತಲೆಯೆತ್ತಿ ನೋಡುತ್ತಾಳೆ, ಎದುರಿಗೆ ಇಡೀ ಅಂಗಳ ಖಾಲಿ. ತಡೆಯಬೇಕಾದ ಇಬ್ಬರೂ ಮೂಲೆಯಲ್ಲಿ ನಿಶ್ಮಿತಾಳನ್ನು ಕಾಯುತ್ತ ನಿಂತಿದ್ದರು. ಪ್ರಾಜಕ್ತಾ ಓಡಿದಳು, ಒದ್ದಳು, ಗೋಲ್‌ಕೀಪರ್ ಹಾರಿದ್ದು ಹಾರಿದ್ದೇ ಬಂತು. ಗೋಲು! ವಾಗ್ಳೆ ಎಸ್ಟೇಟಿನ ಗೌರವಸ್ಥ ಹೋಟೆಲು ಮಾಲೀಕರು ಪಕ್ಕದಲ್ಲಿದ್ದ ಗುರುತಿಲ್ಲದವನ ಹೆಗಲು ಹಿಡಿದು ಕುಣಿದರು. ಉಳಿದ ಹೊತ್ತನ್ನು ಹುಡುಗಿಯರು ಹೇಗೋ ಹಲ್ಲು ಕಚ್ಚಿ ಕಾದರು. ಕೊನೆಯ ಸೀಟಿ ಬಿದ್ದಾಗ ವಾಶಿಯನ್ನು ಜೀವಮಾನದಲ್ಲಿ ಮೊದಲ ಸಲ ಸೋಲಿಸಿದ ತಂಡ ಪ್ರಾಜಕ್ತಾಳನ್ನು ಎತ್ತಿ ಮೆರೆಸುತ್ತಿತ್ತು.

ಶೆಟ್ಟರು ಮಗಳತ್ತ ಓಡಿದರು. ಅಲ್ಲಿ ನಾಲ್ಕನೇ ನಂಬರಿನವಳು ಸೊಂಟಕ್ಕೆ ಕೈಕೊಟ್ಟು ಅವಳನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. “ನನಗೇ ಕೊಡಿ ಅಂತ ನೀನು ಅಷ್ಟು ಹೊತ್ತು ಬೊಬ್ಬೆ ಹೊಡೆದದ್ದು ಮತ್ತೆ ಯಾಕೆ?” ಎಂದು ಅವಳು ಕೇಳಿದ್ದು ಅಪ್ಪಟ ಕಾಪು ಕಡೆಯ ತುಳುವಿನಲ್ಲಿ.

ಶೆಟ್ಟರ ಕಾಲು ಅಲ್ಲೇ ನಿಂತಿತು. ಎಲಾ ಇವಳ! ಹಾಗಾದರೆ ಮೊದಲರ್ಧದಲ್ಲಿ ತಾವು ಅರಚಿದ ಗುಟ್ಟೆಲ್ಲ ನೇರ ಇವಳ ಕಿವಿಗೆ ಬಿದ್ದಿತ್ತು. ಮಗಳು ಅದನ್ನು ಕಂಡುಕೊಂಡು, ಅಪ್ಪನ ಬಾಯಿ ಮುಚ್ಚಿಸಿ, ತಾನು ಮಾಡಬೇಕೆಂದಿದ್ದನ್ನು ಗೆಳತಿಯರಿಗೆ ಮರಾಠಿಯಲ್ಲಿ ಹೇಳಿ, ತುಳುವಿನಲ್ಲಿ ವಾಶಿಯವರಿಗೆ ಚಳ್ಳೆಹಣ್ಣು ತಿನ್ನಿಸಿದ್ದಳು. ಗೋಲು ಹೊಡೆಯುವವಳು ಎಂಬ ಹೆಸರಿಲ್ಲದಿದ್ದರೆ ಅವಳ ಹಿಂದೆ ಮೂಲೆಯವರೆಗೆ ಯಾರು ಬರುತ್ತಿದ್ದರು? ಸಂತೋಷಕ್ಕೆ ಅವರ ಕಣ್ಣು ತುಂಬಿತು.

“ಟೀಚರ್, ಆ ಪಟ್ಟಿ...” ಎಂದು ಅವರು ಹಿಂದೆ ಬಂದ ಶರಣಬಸಮ್ಮನ ಕಡೆ ತಿರುಗಿದರು.

“ಅದನ್ನ ಇನ್ನ ಯಾರ ಬಿಚ್ಚಸ್ತಾರ್ರಿ?” ಎಂದಳು ಅವಳು. “ಇವತ್ತ ಎರಡೂ ಟೀಮಿಗೆ ಅಕಿನ ಕ್ಯಾಪ್ಟನ್.”